ಮೊದಲ ಗುಟುಕಿಗೇ ಐಪಿಎ ಬೇಡ

ಇಂದಿರಾನಗರವೋ ವೈಟ್‌ಫೀಲ್ಡೋ, ಬೆಂಗಳೂರಿನ ಯಾವ ಮೈಕ್ರೊಬ್ರೂವರಿಗೆ (ಬಿಯರನ್ನು ಅಲ್ಲೇ ತಯಾರಿಸಿ ಕೊಡುವ ಪಬ್ಬಿಗೆ) ಹೋದರೂ ಶನಿವಾರ ಸಂಜೆ ಒಂದು ಮೇಜಿನಲ್ಲಾದರೂ ಇದು ನಡೆಯುತ್ತಿರುತ್ತದೆ. ವರ್ಷಗಟ್ಟಲೆ ಚಿಲ್ಡ್ ಸ್ಟ್ರಾಂಗ್ ಬಿಯರ್ ಕುಡಿದು ಅಭ್ಯಾಸವಾದವರು, ಎಲ್ಲರ ಬಾಯಲ್ಲೂ ಕೇಳಿದ ಹೆಸರು ಅಂತ ನೇರವಾಗಿ ಐಪಿಎ (ಇಂಡಿಯಾ ಪೇಲ್ ಏಲ್, ಕಹಿ ಜೋರಾಗಿರುವ ಬಿಯರ್) ತರಿಸುತ್ತಾರೆ. ಒಂದು ಗುಟುಕು ಕುಡಿದು ಮುಖ ಕಿವುಚಿ, 'ಇದೇನು ಕಷಾಯ ಮಾರಾಯ' ಅಂತ ಗ್ಲಾಸನ್ನು ಪಕ್ಕಕ್ಕೆ ತಳ್ಳುತ್ತಾರೆ. ಅಲ್ಲಿಂದ ಮುಂದೆ ಎರಡೇ ದಾರಿ. ಒಂದೋ ಮತ್ತೆ ಬಾಟ್ಲಿ ಬಿಯರ್, ಇಲ್ಲವೇ ಎಂದೆಂದಿಗೂ ಹೆಫೆವೈಜನ್ ಎಂಬ, ಕಹಿ ಕಡಿಮೆಯ ಗೋಧಿ ಬಿಯರ್.

ಐಪಿಎ ಕೆಟ್ಟದ್ದಾಗಿತ್ತು ಅಂತಲ್ಲ, ಕುಡಿದವರ ನಾಲಗೆಯಲ್ಲಿ ದೋಷವಿದೆ ಅಂತಲೂ ಅಲ್ಲ. ಕುಡಿದ ಕ್ರಮ ತಪ್ಪಿತು, ಅಷ್ಟೆ. ಕಹಿ ನಮಗೇನು ಹೊಸದೇ? ಹಾಗಲಕಾಯಿ ಗೊಜ್ಜು ಉಂಡು, ಚಿಕೋರಿ ಬೆರೆತ ಡಿಕಾಕ್ಷನ್ ಕುಡಿದು ಬೆಳೆದ ಬಾಯಿ ನಮ್ಮದು. ನಿಜಕ್ಕೂ ಹೊಸದು ಯಾವುದೆಂದರೆ ಬಿಯರನ್ನು ಮೂಸಿ ಕುಡಿಯುವುದು. ಕ್ರಾಫ್ಟ್ ಬಿಯರ್ ರುಚಿ ಹತ್ತುವ ಕೆಲಸದಲ್ಲಿ ಮುಕ್ಕಾಲು ಪಾಲು ಮೂಗಿನದು. ನಮ್ಮ ಅಡುಗೆಮನೆ ಮೂಗಿಗೆ ಆಗಲೇ ಕಲಿಸಿಟ್ಟಿರುವ ವಾಸನೆಗಳಿಂದ ಶುರು ಮಾಡಿದರೆ ಈ ಕೆಲಸ ತುಂಬ ಸಲೀಸು.

ಮೊದಲು ಕಹಿಯ ಲೆಕ್ಕ ಮುಗಿಸಿಬಿಡೋಣ. ಮನುಷ್ಯರ ಬಾಯಲ್ಲಿ ಕಹಿ ಗುರುತಿಸುವ ಗ್ರಾಹಕಗಳು ಸುಮಾರು 25 ಬಗೆಯವು. ವಿಷದ ಗಿಡಗಳಲ್ಲಿ ಬಹಳಷ್ಟು ಕಹಿ ಇರುವುದರಿಂದ ಕಹಿ ಕಂಡರೆ ಉಗುಳುವುದು ಹುಟ್ಟುಗುಣ. ಹಾಗಲಕಾಯಿ ಉಗುಳುವ ಮಗುವೇ ಮೂವತ್ತು ವರ್ಷಕ್ಕೆ ಗೊಜ್ಜನ್ನು ಕೇಳಿ ಬಡಿಸಿಕೊಳ್ಳುತ್ತದೆ. ನಡುವೆ ಆದದ್ದಿಷ್ಟು: ಆ ರುಚಿ ಮತ್ತೆ ಮತ್ತೆ, ಸ್ವಲ್ಪ ಸ್ವಲ್ಪವೇ, ಬೆಲ್ಲ ಹುಣಸೆಯ ಜೊತೆ ಬಾಯಿಗೆ ಬಂತು, ಏನೂ ಕೆಡುಕಾಗಲಿಲ್ಲ. ಪದೇ ಪದೇ ಎದುರಾಗುವುದು ಅಷ್ಟರಿಂದಲೇ ಹಿಡಿಸತೊಡಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಬಿಯರಿನ ಕಹಿಗೂ ಅದೇ ನಿಯಮ. ಒಂದು ಗುಟುಕಿಗೆ ತೀರ್ಪು ಕೊಡಬೇಡಿ. ಒಂದೇ ರಾತ್ರಿ ಒಂದು ಪಿಚರ್ ಖಾಲಿ ಮಾಡಿ ಅಭ್ಯಾಸ ಮಾಡಿಕೊಳ್ಳುತ್ತೇನೆ ಎಂಬ ಹಟವೂ ಬೇಡ. ಆಲ್ಕೊಹಾಲ್ ಕೊಡುವ ಹಿತವನ್ನು ಮಿದುಳು ಬಾಯಲ್ಲಿದ್ದ ರುಚಿಗೆ ಗಂಟುಹಾಕುತ್ತದೆ. ಸ್ಟ್ರಾಂಗ್ ಬಿಯರ್ 'ರುಚಿ' ಅನ್ನಿಸುವುದರ ಹಿಂದೆ ಇರುವುದು ಬಹುಮಟ್ಟಿಗೆ ಈ ಗಂಟೇ. ಕಲಿಯಬೇಕಾದದ್ದು ಮೂಗು, ಕಿಕ್ ಅಲ್ಲ. ಹಾಗಾಗಿ ಅಳತೆ ಸಣ್ಣದಿರಲಿ.

ಬಿಯರಿನ ಕಹಿ ಅಳೆಯಲು ಐಬಿಯು ಎಂಬ ಮಾನವಿದೆ. ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂವನ್ನು ಕುದಿಸಿದಾಗ ಹುಟ್ಟುವ ಐಸೊ-ಆಲ್ಫಾ ಆಮ್ಲ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಇದ್ದರೆ ಸುಮಾರಾಗಿ 1 ಐಬಿಯು. ಮಾಮೂಲಿ ಬಾಟ್ಲಿ ಬಿಯರಿನಂಥ ಹಗುರ ಲಾಗರ್‌ಗಳು 8ರಿಂದ 18ರ ಒಳಗೆ. ಮಿಕ್ಕ ಬಗೆಗಳದ್ದು ಹೀಗೆ: ಹೆಫೆವೈಜನ್ 8–15, ಬೆಲ್ಜಿಯನ್ ವಿಟ್ 8–20, ಮ್ಯೂನಿಕ್ ಹೆಲೆಸ್ 16–22, ಜರ್ಮನ್ ಪಿಲ್ಸ್ 22–40, ಅಮೆರಿಕನ್ ಪೇಲ್ ಏಲ್ 30–50, ಐಪಿಎ 40–70, ಡಬಲ್ ಐಪಿಎ 60ರಿಂದ 100. ಲಾಗರ್ ಕುಡಿಯುವವರು ಐಪಿಎಗೆ ಹಾರಿದರೆ ಕಹಿ ಒಂದೇ ಏಟಿಗೆ ನಾಲ್ಕೈದು ಪಟ್ಟಾಗುತ್ತದೆ. ಬೀಳದೆ ಇರುತ್ತಾರೆಯೇ?

ಆದರೆ ಸಂಖ್ಯೆ ಅರ್ಧ ಕಥೆ ಮಾತ್ರ. ಗೊಜ್ಜಿನಲ್ಲಿ ಬೆಲ್ಲ ಮಾಡುವ ಕೆಲಸವನ್ನು ಬಿಯರಿನಲ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಮಾಡುತ್ತದೆ. 35 ಐಬಿಯುವಿನ ಸಿಹಿ ಸ್ಟೌಟ್ (ಕಪ್ಪು ಬಿಯರ್) ಮೆತ್ತಗಿರುತ್ತದೆ, ಅಷ್ಟೇ ಐಬಿಯುವಿನ ಪಿಲ್ಸ್ ಗಂಟಲು ಕೆರೆಯುತ್ತದೆ. ಇದು ಮನದಟ್ಟಾಗಬೇಕಾದರೆ ಅಂಗಡಿಯ ಟಾನಿಕ್ ವಾಟರ್ ಕುಡಿದು ನೋಡಿ. ಅದರಲ್ಲಿರುವುದು ಕ್ವಿನೈನ್, ಶುದ್ಧ ಕಹಿ, ಆದರೂ ಸಕ್ಕರೆಯಿಂದಾಗಿ ಹಿತ. ಸಕ್ಕರೆಯಿಲ್ಲದ ಸೋಡಾ ಬೆರೆಸಿ ಅರ್ಧಕ್ಕೆ ತೆಳು ಮಾಡಿ. ಕಹಿಯೂ ಅರ್ಧವಾಗಿರಬೇಕು, ಆದರೆ ಸಿಹಿಯ ಹೊದಿಕೆ ಸರಿದು ಅದೇ ಎದ್ದು ಕಾಣುತ್ತದೆ.

ಇನ್ನು ಚಿಲ್ಡ್ ವಿಚಾರ. 2–3 ಡಿಗ್ರಿಯಲ್ಲಿ ಘಮ ಏಳುವುದೇ ಇಲ್ಲ, ಮಾಲ್ಟಿನ ಸಿಹಿಯೂ ಮಂಕು. ಉಳಿಯುವುದು ತಂಪು, ಗ್ಯಾಸು, ಕಹಿ. ಸಪ್ಪೆ ಲಾಗರಿಗೆ ಇದು ಅನುಕೂಲ, ಅದರಲ್ಲಿ ಮುಚ್ಚಬೇಕಾದದ್ದೇ ಹೆಚ್ಚು. ಐಪಿಎಗೆ ಇದು ಅನ್ಯಾಯ: ಹಣ್ಣಿನ ಘಮವೆಲ್ಲ ಮಲಗಿರುತ್ತದೆ, ಕಹಿ ಮಾತ್ರ ಎಚ್ಚರವಾಗಿರುತ್ತದೆ. ಹೆಫೆವೈಜನ್‌ಗೆ 6–8 ಡಿಗ್ರಿ, ಪೇಲ್ ಏಲ್ ಐಪಿಎಗಳಿಗೆ 7–10, ಸ್ಟೌಟ್‌ಗೆ 8–12. ಥರ್ಮಾಮೀಟರ್ ಬೇಕಿಲ್ಲ. ಗ್ಲಾಸ್ ಬಂದ ಮೇಲೆ ಹತ್ತು ನಿಮಿಷ ಮಾತಾಡುತ್ತಾ ಕೂರಿ, ಅಂಗೈಯಲ್ಲಿ ಹಿಡಿದುಕೊಳ್ಳಿ. ಫ್ರೀಜರಿನಿಂದ ತೆಗೆದ, ಹಿಮ ಕಟ್ಟಿದ ಮಗ್ ಕೊಟ್ಟರೆ ವಾಪಸು ಕಳಿಸಿ ಸಾದಾ ಗ್ಲಾಸ್ ಕೇಳಿ. ಆ ಹಿಮ ಕರಗಿ ಬಿಯರಿಗೇ ನೀರಾಗುತ್ತದೆ.

ಇಲ್ಲೇ ಒಂದು ಹಳೆಯ ಮೂಢನಂಬಿಕೆಗೂ ಎಳ್ಳುನೀರು ಬಿಡಬಹುದು. ಬಾಟ್ಲಿಯನ್ನು ತಲೆಕೆಳಗು ಮಾಡಿ ನೀರಿನ ಗ್ಲಾಸಿನಲ್ಲಿ ಅದ್ದಿ 'ಗ್ಲಿಸರಿನ್ ಇಳಿಸುವ' ಶಾಸ್ತ್ರ ಇನ್ನೂ ಬಾರುಗಳಲ್ಲಿ ನಡೆಯುತ್ತದೆ. ಗ್ಲಿಸರಾಲ್ ಹುದುಗುವಾಗ ಯೀಸ್ಟ್ ತಾನೇ ಮಾಡುವ ವಸ್ತು, ಎಲ್ಲ ಬಿಯರಿನಲ್ಲೂ ಸ್ವಲ್ಪ ಇರುತ್ತದೆ, ಪೂರ್ತಿ ಕರಗಿರುತ್ತದೆ. ಅದೊಂದೇ ಆಯ್ದುಕೊಂಡು ಬಾಟ್ಲಿಯಿಂದ ಇಳಿದು ಹೋಗಲು ಸಾಧ್ಯವಿಲ್ಲ. ನೀರಿನಲ್ಲಿ ಎಳೆಎಳೆಯಾಗಿ ಇಳಿಯುವುದು ನೀರಿಗಿಂತ ಭಾರವಾದ ಬಿಯರೇ.

ಮೂಗಿಗೆ ಬರೋಣ. ಶಾಲೆಯ ಪುಸ್ತಕದಲ್ಲಿದ್ದ ನಾಲಗೆಯ ನಕ್ಷೆ, ತುದಿಯಲ್ಲಿ ಸಿಹಿ ಹಿಂದೆ ಕಹಿ ಅಂತ ಇತ್ತಲ್ಲ, ಅದು ತಪ್ಪು. ನಾಲಗೆಗೆ ಎಲ್ಲ ಕಡೆಯೂ ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ತಿಳಿಯುತ್ತವೆ. ಬಾಳೆಹಣ್ಣು, ಲವಂಗ, ಕಾಫಿ, ಕಿತ್ತಳೆ ಎಂದು ನಾವು ಹೇಳುವ ಮಿಕ್ಕೆಲ್ಲವೂ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ಪರೀಕ್ಷಿಸುವುದು ಸುಲಭ. ಮೂಗನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದು ಒಂದು ಗುಟುಕು ಬಾಯಿಗೆ ತೆಗೆದುಕೊಂಡು ನುಂಗಿ. ಕಹಿ, ಗ್ಯಾಸು, ತುಸು ಸಿಹಿ, ಅಷ್ಟೆ. ಈಗ ಬಾಯಿ ಮುಚ್ಚಿಕೊಂಡೇ ಬೆರಳು ಬಿಟ್ಟು ಮೂಗಿನಿಂದ ಉಸಿರು ಹೊರಗೆ ಬಿಡಿ. ಬಿಯರಿನ ನಿಜವಾದ ರುಚಿ ಆ ಉಸಿರಿನಲ್ಲಿ ಬರುತ್ತದೆ.

ಹಾಗಾಗಿ ಪ್ರತಿ ಗ್ಲಾಸಿಗೂ ಇದೇ ಕ್ರಮ ಇಟ್ಟುಕೊಳ್ಳಿ. ಗ್ಲಾಸಿನ ಮೂರನೇ ಒಂದು ಭಾಗ ಖಾಲಿ ಇರಲಿ, ಘಮ ನಿಲ್ಲಲು ಜಾಗ ಬೇಕು. ನೊರೆ ಇಳಿಯುವ ಮುಂಚೆ ಎರಡು ಚಿಕ್ಕ ಮೂಸು. ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಬಿಡುತ್ತದೆ, ದೀರ್ಘವಾಗಿ ಎಳೆದುಕೊಂಡರೆ ಲಾಭವಿಲ್ಲ. ಗ್ಲಾಸನ್ನು ಒಮ್ಮೆ ಸುತ್ತಿಸಿ ಮತ್ತೊಂದು ಮೂಸು. ಆಮೇಲೆ ಒಂದು ದೊಡ್ಡ ಗುಟುಕು; ಸಣ್ಣ ಚೀಪು ಸಾಲದು, ಬಾಯಿಯೆಲ್ಲ ತುಂಬಬೇಕು. ನುಂಗಿ, ಮೂಗಿನಿಂದ ಉಸಿರು ಬಿಟ್ಟು, ಹತ್ತು ಎಣಿಸುವವರೆಗೆ ಸುಮ್ಮನಿರಿ. ಕಹಿ ಬೇಗ ಹೋಯಿತೋ ಅಂಟಿಕೊಂಡಿತೋ ಆಗ ತಿಳಿಯುತ್ತದೆ. ಎರಡನೇ ಗುಟುಕಿಗೂ ಹೀಗೇ ಮಾಡಿ. ಮೊದಲನೆಯದು ಬಾಯಿ ತೊಳೆಯುತ್ತದೆ, ಎರಡನೆಯದು ಬಿಯರ್ ಏನೆಂದು ಹೇಳುತ್ತದೆ.

ಈಗ ಹೆಫೆವೈಜನ್. 2010–11ರ ಸುಮಾರಿಗೆ ಟಾಯ್ಟ್, ಬಿಯರ್ ಕ್ಲಬ್ ಮುಂತಾದ ಮೈಕ್ರೊಬ್ರೂವರಿಗಳು ಬೆಂಗಳೂರಿನಲ್ಲಿ ಶುರುವಾದಾಗಿನಿಂದ ಊರಿಗೆ ಮೊದಲು ಹಿಡಿಸಿದ್ದು ಈ ಗೋಧಿ ಬಿಯರ್. ಅಚ್ಚರಿಯಿಲ್ಲ. ಕಹಿ ಇಲ್ಲವೆನ್ನುವಷ್ಟು ಕಡಿಮೆ, ವಾಸನೆ ನಮಗೆ ಚಿರಪರಿಚಿತ. ಉದ್ದನೆ ಗ್ಲಾಸು, ಮಬ್ಬು ಹಳದಿ, ಮೇಲೆ ಎರಡು ಬೆರಳು ದಪ್ಪ ನೊರೆ. ಮೊದಲ ಮೂಸಿಗೆ ಕಳಿತ ಪಚ್ಚಬಾಳೆ. ಕೆಲವರಿಗೆ ಹಲಸಿನ ತೊಳೆ. ಗ್ಲಾಸ್ ಸುತ್ತಿಸಿದರೆ ಲವಂಗ. ಬಾಯಲ್ಲಿ ಕಲಸಿಟ್ಟ ಬ್ರೆಡ್ ಹಿಟ್ಟಿನ ಮೆದು, ಕೊನೆಗೆ ಒಂದೆಳೆ ಹುಳಿ. ಅದಕ್ಕೆ ಬಾಳೆಹಣ್ಣನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ. ಎರಡನ್ನೂ ಮಾಡುವುದು ಆ ತಳಿಯ ಯೀಸ್ಟ್. ಬಾಳೆಯದು ಐಸೊಅಮೈಲ್ ಅಸಿಟೇಟ್, ಲವಂಗದ್ದು 4-ವಿನೈಲ್ ಗ್ವಾಯಕಾಲ್. ಹುದುಗಿಸುವ ತೊಟ್ಟಿಯನ್ನು 17–18 ಡಿಗ್ರಿಯಲ್ಲಿಟ್ಟರೆ ಲವಂಗ ಮುಂದೆ ಬರುತ್ತದೆ, 22 ದಾಟಿಸಿದರೆ ಬಾಳೆಹಣ್ಣು ಜೋರಾಗುತ್ತದೆ. ಧಾನ್ಯ ನೆನೆಸುವಾಗ 43–45 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಫೆರುಲಿಕ್ ಆಮ್ಲ ಬಿಡುಗಡೆಯಾಗಿ ಲವಂಗಕ್ಕೆ ಕಚ್ಚಾ ಮಾಲು ಸಿಗುತ್ತದೆ. ಒಂದು ಪಬ್ಬಿನ ಹೆಫೆ ಬಾಳೆಹಣ್ಣಿನ ಮಿಲ್ಕ್‌ಶೇಕ್ ತರಹ, ಇನ್ನೊಂದರದ್ದು ಮಸಾಲೆ ಡಬ್ಬಿ ತರಹ ಯಾಕಿರುತ್ತದೆ ಅನ್ನುವುದಕ್ಕೆ ಉತ್ತರ ಇದು. ಒಂದೇ ವಾರದಲ್ಲಿ ಎರಡು ಕಡೆ 100 ಮಿಲಿಯಷ್ಟು ಕುಡಿದು ಹೋಲಿಸಿದರೆ, ಬಿಯರ್ ರುಚಿ ಕಲಿಕೆಯ ಮೊದಲ ಪಾಠ ಮುಗಿದ ಹಾಗೆ. ನೇಲ್ ಪಾಲಿಶ್ ವಾಸನೆ ಬಂದರೆ ತೊಟ್ಟಿ ಮಿತಿಮೀರಿ ಬಿಸಿಯಾಗಿತ್ತು ಅಂತ ಊಹಿಸಿ. ಆಸ್ಪತ್ರೆಯ ಬ್ಯಾಂಡೇಜ್ ವಾಸನೆ ಬಂದರೆ ನೀರಿನ ಕ್ಲೋರಿನ್ ತೆಗೆದಿಲ್ಲ, ಇಲ್ಲವೇ ಕಾಡು ಯೀಸ್ಟ್ ಸೇರಿದೆ.

ಗೋಧಿ ಬಿಯರಿನ ಇನ್ನೊಂದು ಕವಲು ಬೆಲ್ಜಿಯನ್ ವಿಟ್. ಇದರಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ನಿಜವಾಗಿಯೂ ಹಾಕುತ್ತಾರೆ. ಬೆಲ್ಜಿಯಂನ ಹೂಗಾರ್ಡನ್ ಊರಿನಲ್ಲಿ ಸತ್ತೇಹೋಗಿದ್ದ ಈ ಬಗೆಯನ್ನು ಪಿಯೆರ್ ಸೆಲಿಸ್ 1966ರಲ್ಲಿ ಮತ್ತೆ ಎಬ್ಬಿಸಿದರು. 2015ರಲ್ಲಿ ಬಂದ ಬಿರಾ 91 ವೈಟ್ ನಮ್ಮಲ್ಲಿ ಇದಕ್ಕೆ ಹತ್ತಿರದ ಪರಿಚಯ ಮಾಡಿಸಿತು. ಎರಡು ಕೊತ್ತಂಬರಿ ಕಾಳು ಬೆರಳಲ್ಲಿ ಹೊಸಕಿ ಮೂಸಿ, ಆಮೇಲೆ ಗ್ಲಾಸ್ ಮೂಸಿದರೆ ಆ ಎಳೆ ತಪ್ಪದೆ ಸಿಗುತ್ತದೆ.

ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ. ತಪ್ಪೇನಿಲ್ಲ, ಆದರೆ ದಾರಿ ಇನ್ನೂ ಇದೆ. ಮುಂದಿನ ಮೆಟ್ಟಿಲು ಮಾಲ್ಟ್. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದ್ದು ಮಾಲ್ಟ್. ಒಣಗಿಸುವ ಶಾಖ ಹೆಚ್ಚಿದಂತೆ ವಾಸನೆ ಬಿಸ್ಕತ್ತಿನಿಂದ ರಾಗಿ ಹುರಿಹಿಟ್ಟಿಗೆ, ಅಲ್ಲಿಂದ ಜೋನಿ ಬೆಲ್ಲಕ್ಕೆ, ಕೊನೆಗೆ ಕಾಫಿಗೆ ಏರುತ್ತದೆ. ಹೆಲೆಸ್, ಆಂಬರ್, ಡುಂಕೆಲ್, ಸ್ಟೌಟ್ ಈ ನಾಲ್ಕನ್ನು ಸಣ್ಣ ಗ್ಲಾಸುಗಳಲ್ಲಿ ಸಾಲಾಗಿ ಇಟ್ಟುಕೊಂಡರೆ ಏರಿಕೆ ಮೂಗಿಗೇ ಕಾಣುತ್ತದೆ. ಕಪ್ಪು ಬಿಯರ್ ಎಂದರೆ ಸ್ಟ್ರಾಂಗ್ ಎಂಬ ಭಯ ಬೇಡ. ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೊಹಾಲ್ ಶೇ 4.2 ಮಾತ್ರ. ಫಿಲ್ಟರ್ ಕಾಫಿ ಕುಡಿದು ಬೆಳೆದವರಿಗೆ ಸ್ಟೌಟ್ ಹತ್ತಿದಷ್ಟು ಬೇಗ ಐಪಿಎ ಹತ್ತುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಪಬ್ಬುಗಳವರು ಯಾಕೋ ಅದನ್ನು ಕೊನೆಗೆ ತೋರಿಸುತ್ತಾರೆ.

ಕೊನೆಗೆ ಹಾಪ್ಸ್. ಐಪಿಎಗೆ ಮುಂಚೆ ಪೇಲ್ ಏಲ್ ಕುಡಿಯಬೇಕು. ಅಮೆರಿಕದವರೂ ಹಾಗೇ ಕಲಿತದ್ದು. ಕ್ಯಾಲಿಫೋರ್ನಿಯಾದಲ್ಲಿ 1980ರಲ್ಲಿ ಶುರುವಾದ ಸಿಯೆರಾ ನೆವಾಡಾ ಬ್ರೂವರಿಯ ಪೇಲ್ ಏಲ್ 38 ಐಬಿಯು, ಅದರಲ್ಲಿದ್ದದ್ದು ಕ್ಯಾಸ್ಕೇಡ್ ಎಂಬ ಹಾಪ್ಸ್. ಆ ದಿನಗಳ ಅಮೆರಿಕನ್ ಲಾಗರ್ ಕುಡಿಯುವವರಿಗೆ ಅದೇ ವಿಪರೀತ ಕಹಿ. 100 ಐಬಿಯು ಮುಟ್ಟಿಸಿ ಮೆರೆಯುವ ಹುಚ್ಚು ಬಂದದ್ದು ಎಷ್ಟೋ ವರ್ಷಗಳ ನಂತರ. ಕ್ಯಾಸ್ಕೇಡ್ ವಾಸನೆಯನ್ನು ಪುಸ್ತಕಗಳು ಗ್ರೇಪ್‌ಫ್ರೂಟ್ ಅನ್ನುತ್ತವೆ, ನಮ್ಮಲ್ಲಿ ಅದನ್ನು ತಿಂದವರು ಕಡಿಮೆ. ದೇವನಹಳ್ಳಿ ಚಕ್ಕೋತದ ಸಿಪ್ಪೆ ಉಗುರಿನಲ್ಲಿ ಗೀರಿ ಮೂಸಿ, ಸಾಕು. ಸಿಟ್ರಾ, ಮೊಸಾಯಿಕ್ ತರಹದ ಹೊಸ ತಳಿಗಳಲ್ಲಿ ಮಾವು, ಲಿಚಿ, ಕಳಿತ ಸೀಬೆಹಣ್ಣು ಸಿಗುತ್ತವೆ. ಇದೆಲ್ಲ ಹಣ್ಣು ಹಾಕಿದ್ದಲ್ಲ, ಹಾಪ್ಸ್‌ನ ಎಣ್ಣೆ. ಮಾಲ್ಟ್ ನೆನೆಸಿ ಬಸಿದ ನೀರಿನ ಕುದಿಯ ಮೊದಲಿಗೆ, ಅಂದರೆ 60 ನಿಮಿಷ ಬೇಯುವಂತೆ ಹಾಕಿದ ಹಾಪ್ಸ್ ಕಹಿ ಕೊಡುತ್ತದೆ, ಎಣ್ಣೆ ಹಾರಿಹೋಗುತ್ತದೆ. ಕೊನೆಯಲ್ಲಿ, ಇಲ್ಲವೇ ಹುದುಗಿದ ಮೇಲೆ ತಣ್ಣಗೆ ಹಾಕಿದ್ದು ಘಮ ಕೊಡುತ್ತದೆ. ಮಬ್ಬಾಗಿ ಕಿತ್ತಳೆ ರಸದಂತೆ ಕಾಣುವ ನ್ಯೂ ಇಂಗ್ಲೆಂಡ್ ಐಪಿಎಗಳಲ್ಲಿ ಹಾಪ್ಸ್ ಬಹುಪಾಲು ಕೊನೆಗೆ ಬೀಳುತ್ತದೆ. ಕಹಿಗೆ ಹೆದರುವವರು ಪೇಲ್ ಏಲ್ ಆದ ಮೇಲೆ ಇದನ್ನು ಹಿಡಿಯಲಿ, ಅಮೆರಿಕದ ಪಶ್ಚಿಮ ಕರಾವಳಿಯ ಖಡಕ್ ಐಪಿಎ ಆಮೇಲೆ. ಹಾಪ್ಸ್ ಘಮಕ್ಕೆ ಆಯಸ್ಸು ಕಡಿಮೆ. ಕ್ಯಾನ್ ಕೊಳ್ಳುವಾಗ ತಯಾರಿಕೆಯ ದಿನಾಂಕ ನೋಡಿ. ಫ್ರಿಜ್ಜಿನಲ್ಲಿಟ್ಟದ್ದೂ ಮೂರು ತಿಂಗಳು ದಾಟಿದರೆ ಮಂಕಾಗುತ್ತದೆ, ಬಿಸಿಲು ಗೋದಾಮಿನಲ್ಲಿದ್ದದ್ದು ಇನ್ನೂ ಬೇಗ.

ಹುಳಿ ಬಿಯರುಗಳದ್ದು ಬೇರೆಯೇ ಓಣಿ. ಉಪ್ಪು, ಕೊತ್ತಂಬರಿ ಹಾಕಿದ ಜರ್ಮನಿಯ ಗೋಜೆ ನಮ್ಮವರಿಗೆ ಮಸಾಲೆ ಮಜ್ಜಿಗೆಯ ದೂರದ ನೆಂಟನಂತೆ ಕಾಣುವುದರಿಂದ ಒಮ್ಮೆಗೇ ಹಿಡಿಸುವುದೂ ಉಂಟು. ಮಿಕ್ಕ ಬಿಯರುಗಳ ನಡುವೆ ಮಾತ್ರ ಕುಡಿಯಬೇಡಿ, ನಾಲಗೆ ಜುಮ್ಮೆಂದು ಮುಂದಿನದು ಸಪ್ಪೆಯಾಗುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ರುಚಿ ಕಲಿಯುವ ಉತ್ಸಾಹದಲ್ಲಿ ಕೆಟ್ಟ ಬಿಯರಿನ ರುಚಿ ಹತ್ತಿಬಿಡುವ ಅಪಾಯ ದೊಡ್ಡದು. 'ಕ್ರಾಫ್ಟ್ ಅಂದ್ರೆ ಹೀಗೇ ಇರುತ್ತೆ ಸಾರ್' ಅನ್ನುವ ಮಾತು ನಂಬಿ ಹುಳಿ ಹಿಡಿದ ಬಿಯರಿಗೆ ದುಡ್ಡು ತೆರುವವರು ಬಹಳ. ದೋಷ ಗುರುತಿಸಲು ಮನೆಯಲ್ಲೇ ಅಭ್ಯಾಸ ಮಾಡಬಹುದು. ಸಾದಾ ಲಾಗರ್ ಎರಡು ಬಾಟ್ಲಿ ತನ್ನಿ, ಒಂದು ಗ್ಲಾಸ್ ಏನೂ ಬೆರೆಸದೆ ಹೋಲಿಕೆಗೆ ಇಟ್ಟುಕೊಳ್ಳಿ.

ಒಂದು ಗ್ಲಾಸಿಗೆ 200 ಮಿಲಿ ಸುರಿದು ಅಡುಗೆಯ ವಿನಿಗರ್ 1 ಮಿಲಿ ಬೆರೆಸಿ. ಔಷಧಿಯ ಸಿರಿಂಜ್ ಇದ್ದರೆ ಅಳತೆ ಸುಲಭ. ಶೇ 4ರ ವಿನಿಗರ್ ಆದರೆ ಲೀಟರಿಗೆ 200 ಮಿಲಿಗ್ರಾಂ ಅಸಿಟಿಕ್ ಆಮ್ಲ ಆಗುತ್ತದೆ, ಹೆಚ್ಚಿನವರ ಮೂಗಿಗೆ ಹೊಸ್ತಿಲ ಮಟ್ಟ. ಹೊಳೆಯದಿದ್ದರೆ 2 ಮಿಲಿ. ಇದು ಟ್ಯಾಪಿಗೆ ಬಿಯರ್ ತರುವ, ತೊಳೆಯದ ಡ್ರಾಫ್ಟ್ ಪೈಪಿನ ವಾಸನೆ. ಆ ಪೈಪುಗಳನ್ನು ಎರಡು ವಾರಕ್ಕೊಮ್ಮೆ ಕಾಸ್ಟಿಕ್ ದ್ರಾವಣದಲ್ಲಿ ತೊಳೆಯುವುದು ರೂಢಿ. ಇನ್ನೊಂದು ಗ್ಲಾಸಿಗೆ ಡಬ್ಬಿಯ ಸ್ವೀಟ್‌ಕಾರ್ನ್ ನೀರು ಒಂದು ಚಮಚ ಹಾಕಿ. ಬೇಯಿಸಿದ ಜೋಳದ ಆ ವಾಸನೆ ಡೈಮೀಥೈಲ್ ಸಲ್ಫೈಡ್: ಕುದಿ ಸಾಲಲಿಲ್ಲ, ಇಲ್ಲವೇ ಪಾತ್ರೆಯ ಮುಚ್ಚಳ ಹಾಕಿ ಕುದಿಸಿದರು. ಮೂರನೆಯದನ್ನು ತೆಳು ಗಾಜಿನ ಗ್ಲಾಸಿನಲ್ಲಿ ಮಧ್ಯಾಹ್ನದ ಬಿಸಿಲಿಗೆ 20 ನಿಮಿಷ ಇಡಿ, ಅದರ ಜೋಡಿಯನ್ನು ಬೀರುವಿನೊಳಗೆ. ಬಿಸಿಲಿನದ್ದರಲ್ಲಿ ಬರುವ ಗಬ್ಬು ಹಾಪ್ಸ್‌ನ ಕಹಿ ಆಮ್ಲ ಬೆಳಕಿಗೆ ಒಡೆದು ಹುಟ್ಟಿದ ಗಂಧಕದ ಸಂಯುಕ್ತ. ಕಂದು ಬಾಟ್ಲಿ ಇದನ್ನು ಬಹುಪಾಲು ತಡೆಯುತ್ತದೆ, ಹಸಿರು ಬಾಟ್ಲಿ ಅಷ್ಟಾಗಿ ತಡೆಯುವುದಿಲ್ಲ, ಬಣ್ಣವಿಲ್ಲದ ಬಾಟ್ಲಿ ತಡೆಯುವುದೇ ಇಲ್ಲ. ಅಂಗಡಿಯ ಗಾಜಿನ ಷೋಕೇಸಿನ ಮುಂಸಾಲಿನಿಂದ ಬಾಟ್ಲಿ ತೆಗೆದುಕೊಳ್ಳಬೇಡಿ.

ಮೈಕ್ರೊಬ್ರೂವರಿಗಳಲ್ಲಿ ಹೆಚ್ಚು ಸಿಗುವ ದೋಷ ಬೆಣ್ಣೆ ಪಾಪ್‌ಕಾರ್ನಿನದು, ಅದು ಡೈಅಸಿಟೈಲ್. ಯೀಸ್ಟ್ ಹುದುಗುವಾಗ ಇದು ಹುಟ್ಟುತ್ತದೆ, ಕೊನೆಗೆ ಅದೇ ಯೀಸ್ಟ್ ಹೀರಿಕೊಳ್ಳುತ್ತದೆ, ಅದಕ್ಕೆ ಒಂದೆರಡು ದಿನ ಬೇಕು. ವಾರಾಂತ್ಯದ ಗಿರಾಕಿಗೆ ಸಾಲದೆಂದು ತೊಟ್ಟಿಯನ್ನು ಬೇಗ ತಣ್ಣಗೆ ಮಾಡಿದರೆ ಬೆಣ್ಣೆ ಹಾಗೇ ಉಳಿಯುತ್ತದೆ. ಹಸಿರು ಸೇಬಿನ ವಾಸನೆಯೂ ಅಂಥದೇ ಅವಸರದ ಗುರುತು. ಒದ್ದೆ ರಟ್ಟಿನ ವಾಸನೆ ಬಂದರೆ ಹಳತಾಗಿದೆ, ಗಾಳಿ ತಗಲಿದೆ. ಇನ್ನು ಕಹಿಯನ್ನೂ ಒಗರನ್ನೂ ಬೇರೆ ಮಾಡಿ ನೋಡಿ. ಗುಟುಕು ನುಂಗಿದ ಮೇಲೆ ಬಾಳೆಕಾಯಿ ಕಚ್ಚಿದ ಹಾಗೆ ವಸಡು ನಾಲಗೆ ಒಣಗಿ ಹಿಡಿದರೆ ಅದು ಒಗರು. ಧಾನ್ಯವನ್ನು 77 ಡಿಗ್ರಿಗಿಂತ ಬಿಸಿ ನೀರಿನಲ್ಲಿ, ಅತಿಯಾಗಿ ತೊಳೆದಾಗ ಸಿಪ್ಪೆಯ ಟ್ಯಾನಿನ್ ಇಳಿದಿರುತ್ತದೆ. ಐಪಿಎ ಕಹಿ ಅಂತ ದೂರುವವರಲ್ಲಿ ಅನೇಕರು ನಿಜಕ್ಕೂ ದೂರುತ್ತಿರುವುದು ಈ ಒಗರನ್ನು, ಆ ದೂರು ನ್ಯಾಯವಾದದ್ದೇ.

ಹೊಸ ಜಾಗಕ್ಕೆ ಹೋದರೆ ಮೊದಲು ಅವರ ಅತಿ ಹಗುರ ಬಿಯರ್ ಕೇಳಿ: ಹೆಲೆಸ್, ಬ್ಲಾಂಡ್, ಟಾಯ್ಟ್‌ನಲ್ಲಾದರೆ ಬಾಸ್ಮತಿ ಬ್ಲಾಂಡ್ ತರಹದ್ದು. ಹಾಪ್ಸ್, ಸುಟ್ಟ ಮಾಲ್ಟುಗಳ ಹಿಂದೆ ತಪ್ಪು ಅಡಗಿಸಬಹುದು, ಇವುಗಳಲ್ಲಿ ಆಗುವುದಿಲ್ಲ. ಅದು ಚೊಕ್ಕಟವಾಗಿದ್ದರೆ ಮಿಕ್ಕದ್ದನ್ನು ನಂಬಬಹುದು. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಗ್ಲಾಸಿಗೆ ಎಣ್ಣೆಯೋ ಸೋಪೋ ಉಳಿದಿದೆ, ನೊರೆ ಅದಕ್ಕೇ ಸಾಯುತ್ತಿದೆ. ಬೇರೆ ಗ್ಲಾಸ್ ಕೇಳಲು ಸಂಕೋಚ ಬೇಡ.

ಸ್ನೇಹಿತರು ಸೇರಿ ರುಚಿ ನೋಡುವುದಾದರೆ ಒಂದು ಸಂಜೆಗೆ ನಾಲ್ಕು ಬಿಯರ್, ತಲೆಗೆ 100 ಮಿಲಿ ಪ್ರತಿಯೊಂದೂ. ಕಡಿಮೆ ಕಹಿಯಿಂದ ಹೆಚ್ಚಿಗೆ, ತಿಳಿಯಿಂದ ಕಪ್ಪಿಗೆ, ಹಗುರದಿಂದ ಗಟ್ಟಿಗೆ. ನಡುವೆ ಸಾದಾ ನೀರು, ಉಪ್ಪುಖಾರ ಹಾಕದ ಕಡಲೆಪುರಿ. ಕಾಂಗ್ರೆಸ್ ಕಡಲೆಬೀಜ, ಚಿಲ್ಲಿ ಚಿಕನ್ ಎಲ್ಲ ಆಮೇಲೆ. ಮೆಣಸಿನ ಉರಿ, ಗ್ಯಾಸು, ಹಾಪ್ಸ್ ಕಹಿ ಮೂರೂ ಒಂದನ್ನೊಂದು ಕೆರಳಿಸುತ್ತವೆ, ಖಾರದ ಮೇಲೆ ಐಪಿಎ ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದೆ. ಕುಂದಾಪುರದ ಚಿಕನ್ ಘೀ ರೋಸ್ಟ್‌ಗೆ ಹೆಫೆ ಅಥವಾ ವಿಟ್, ಕೊಡಗಿನ ಪಂದಿ ಕರಿಗೆ ಡುಂಕೆಲ್ ಅಥವಾ ಪೋರ್ಟರ್, ಊಟ ಮುಗಿದ ಮೇಲೆ ಧಾರವಾಡ ಪೇಡಕ್ಕೆ ಸ್ಟೌಟ್. ಪೇಡದಲ್ಲಿ ಕಂದಿದ ಹಾಲು, ಸ್ಟೌಟಿನಲ್ಲಿ ಕಂದಿದ ಮಾಲ್ಟ್, ಇವೆರಡರ ಜೋಡಿ ನೋಡಲೇಬೇಕಾದದ್ದು.

ಬೆಳೆದಿರುವುದು ರುಚಿಯೋ ಬರೀ ಹೆಸರಿನ ಮೋಹವೋ ಎಂದು ಅನುಮಾನವಿದ್ದರೆ ತ್ರಿಕೋನ ಪರೀಕ್ಷೆ ಇದೆ. ಒಬ್ಬರು ಮರೆಯಲ್ಲಿ ಮೂರು ಗ್ಲಾಸ್ ತುಂಬಬೇಕು, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಹೇಳಬೇಕು. ಬಣ್ಣ ಗುಟ್ಟು ಬಿಟ್ಟುಕೊಡದಂತೆ ಸ್ಟೀಲ್ ಲೋಟ ಬಳಸಿ. ತಲಾ 30 ಮಿಲಿ ಸಾಕು. ಆರು ಸುತ್ತಿನಲ್ಲಿ ಐದು ಸರಿ ಬಂದರೆ ಅದು ಅದೃಷ್ಟದಿಂದ ಆಗುವ ಸಾಧ್ಯತೆ ಶೇ 2ಕ್ಕಿಂತ ಕಡಿಮೆ. ನಾಲ್ಕು ಸರಿಯಾದರೆ ಇನ್ನೂ ಊಹೆಯ ಪಾಲು ಇದೆ.

ಆಲ್ಕೊಹಾಲಿನ ಲೆಕ್ಕ ಹೀಗೆ: ಮಿಲಿಲೀಟರ್ ಗುಣಿಸು ಶೇಕಡಾವಾರು ಗುಣಿಸು 0.79, ಭಾಗಿಸು 100. ಶೇ 5ರ 100 ಮಿಲಿಯ ನಾಲ್ಕು ಗ್ಲಾಸ್ ಎಂದರೆ ಸುಮಾರು 16 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರ್ 650 ಮಿಲಿಯ ಒಂದು ಬಾಟ್ಲಿಯಲ್ಲಿ 41 ಗ್ರಾಂ. ರಕ್ತದಲ್ಲಿ 100 ಮಿಲಿಗೆ 30 ಮಿಲಿಗ್ರಾಂ ದಾಟಿದರೆ ಗಾಡಿ ಓಡಿಸುವುದು ಅಪರಾಧ, 'ಬರೀ ಟೇಸ್ಟ್ ನೋಡಿದ್ದು' ಎಂಬ ಸಮಜಾಯಿಷಿಯನ್ನು ಟ್ರಾಫಿಕ್ ಪೊಲೀಸರು ಕೇಳುವುದಿಲ್ಲ. ಮೆಟ್ರೋ ಇಲ್ಲವೇ ಆಟೋ.

ತಾಜಾ ಬಿಯರನ್ನು ಬಾಟ್ಲಿಗೆ ತುಂಬಿಸಿ ಕೊಡುವ ಕಡೆ ತರುವುದಾದರೆ, ತುಂಬುವ ಮುಂಚೆ ಬಾಟ್ಲಿ ತಣ್ಣಗಿರಬೇಕು, ಟ್ಯಾಪಿನ ಬಾಯಿಗೆ ನಳಿಕೆ ಸಿಕ್ಕಿಸಿ ತಳದಿಂದ ಮೇಲಕ್ಕೆ ತುಂಬಬೇಕು, ನೊರೆ ಬಾಯಿವರೆಗೆ ಉಕ್ಕಿದಾಗಲೇ ಮುಚ್ಚಳ ಹಾಕಬೇಕು. ಮೇಲಿನಿಂದ ಧಾರೆ ಬಿಟ್ಟು ತುಂಬಿಕೊಟ್ಟರೆ ಗಾಳಿ ಬೆರೆತು ಐಪಿಎಯ ಹಣ್ಣಿನ ಘಮ ಬೇಗನೆ ಮಂಕಾಗುತ್ತದೆ. ಮನೆಗೆ ತಂದು ಫ್ರಿಜ್ಜಿನಲ್ಲಿ ನಿಲ್ಲಿಸಿಡಿ, ತೆರೆದ ಮೇಲೆ ಅದೇ ದಿನ ಮುಗಿಸಿ, ತೆರೆಯದಿದ್ದರೂ ಎರಡು ಮೂರು ದಿನಕ್ಕಿಂತ ಕಾಯಬೇಡಿ. ಹೆಫೆ ತಂದಿದ್ದರೆ ಮುಕ್ಕಾಲು ಭಾಗ ಸುರಿದ ಮೇಲೆ ಬಾಟ್ಲಿಯನ್ನು ಮೆಲ್ಲಗೆ ಸುತ್ತಿಸಿ ತಳದ ಯೀಸ್ಟ್ ಎಬ್ಬಿಸಿ ಉಳಿದದ್ದು ಸುರಿಯಿರಿ.